ದೇವರು ಮೆಚ್ಚುವ ನಡೆ

ಎಲ್ಲ ವಿಧದಲ್ಲೂ ದೇವರಿಗೆ ಮೆಚ್ಚಿಕೆಯಾದ ಜೀವಿತ ಎಂಬ ಮಾತಿನ ಮುಖ್ಯ ನೆಲೆ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 1ನೆಯ ಅಧ್ಯಾಯ, 10ನೆಯ ವಚನ. ಕೊಲೊಸ್ಸೆ ಇಂದಿನ ಟರ್ಕಿಯ ಹೊನಾಜ್ ಪಟ್ಟಣದ ಬಳಿ, ಲೈಕಸ್ ಕಣಿವೆಯಲ್ಲಿದ್ದ ಊರು. ಅಲ್ಲಿಗೆ ಸುವಾರ್ತೆ ಒಯ್ದವನು ಪೌಲನಲ್ಲ, ಆ ಊರಿನವನೇ ಆದ ಎಪಫ್ರ. ಪತ್ರ ಪೌಲನದೋ ಅವನ ಶಿಷ್ಯರದೋ ಎಂಬ ವಿದ್ವಾಂಸರ ಜಗಳ ಇನ್ನೂ ತೀರಿಲ್ಲ. ಅದು ಹೇಗೆ ತೀರಿದರೂ ವಚನದ ತೂಕ ತಗ್ಗುವುದಿಲ್ಲ. ತೂಕ ತಗ್ಗಿರುವುದು ಅದನ್ನು ಪ್ರಸಂಗಗಳಲ್ಲಿ ಬಳಸುತ್ತಿರುವ ರೀತಿಯಿಂದ.

ಆ ರೀತಿ ಎಲ್ಲರಿಗೂ ಗೊತ್ತು. ವಚನ ಓದಿ ಮುಗಿಯುವ ಮೊದಲೇ ಪಟ್ಟಿ ಶುರುವಾಗುತ್ತದೆ: ಸಿನಿಮಾ ಬೇಡ, ಒಡವೆ ಬೇಡ, ಹೂ ಮುಡಿಯಬೇಡಿ, ನೆಂಟರ ಮನೆಯ ಹಬ್ಬದೂಟ ಬೇಡ. ಅದೇ ಪತ್ರಿಕೆಯ 2ನೆಯ ಅಧ್ಯಾಯದವರೆಗೆ ಓದಿದವರು ಇಂಥ ಪಟ್ಟಿ ಹಿಡಿದು ನಿಲ್ಲಲಾರರು. ಕೊಲೊಸ್ಸೆಯ ಸಭೆಯನ್ನು ಕಾಡುತ್ತಿದ್ದವರೂ ಪಟ್ಟಿಯವರೇ. ತಿನ್ನುವುದು, ಕುಡಿಯುವುದು, ಹಬ್ಬ, ಅಮಾವಾಸ್ಯೆ, ಸಬ್ಬತ್ತು ಇವುಗಳ ಮೇಲೆ ಅವರು ಜನರ ಭಕ್ತಿಯನ್ನು ಅಳೆಯುತ್ತಿದ್ದರು. ಇದನ್ನು ಮುಟ್ಟಬೇಡ, ಅದರ ರುಚಿ ನೋಡಬೇಡ ಎನ್ನುತ್ತಿದ್ದರು. ಪತ್ರಿಕೆ ಅವರಿಗೆ ಕೊಟ್ಟ ಉತ್ತರ ಕಠಿಣವಾದದ್ದು: ಇಂಥ ದೇಹದಂಡನೆ ನೋಡುವವರ ಕಣ್ಣಿಗೆ ಜ್ಞಾನದಂತೆ ಕಾಣುತ್ತದೆ, ಮನುಷ್ಯನ ಒಳಗಿನ ಆಸೆಯನ್ನು ಮಾತ್ರ ಅದು ತಡೆಯಲಾರದು. ಯಾವ ಪತ್ರಿಕೆ ಪಟ್ಟಿಯನ್ನು ಕಿತ್ತೊಗೆಯಿತೋ ಅದರ ಹೆಸರಿನಲ್ಲೇ ಹೊಸ ಪಟ್ಟಿ ಬರೆಯುವುದು ಓದುಗೇಡಿತನ.

ವಚನದ ಗ್ರೀಕ್ ಪದವೂ ಗಮನಿಸಬೇಕಾದದ್ದು. ಅಲ್ಲಿರುವುದು ‘ಅರೆಸ್ಕೆಯಾ’, ಹೊಸ ಒಡಂಬಡಿಕೆಯಲ್ಲೇ ಒಮ್ಮೆ ಮಾತ್ರ ಬರುವ ಪದ. ಗ್ರೀಕರ ಲೋಕದ ಮಾತಿನಲ್ಲಿ ಅದಕ್ಕೆ ಒಳ್ಳೆಯ ಹೆಸರಿರಲಿಲ್ಲ. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಮನುಷ್ಯಸ್ವಭಾವಗಳನ್ನು ಚಿತ್ರಿಸಿದ ಪುಸ್ತಕದಲ್ಲಿ ಈ ಹೆಸರಿನ ಸ್ವಭಾವವೊಂದಿದೆ: ಊಟಕ್ಕೆ ಕರೆದ ಮನೆಯಲ್ಲಿ ಮಕ್ಕಳನ್ನು ನೋಡಿ, ಒಂದು ಅಂಜೂರ ಇನ್ನೊಂದನ್ನು ಹೋಲುವುದಕ್ಕಿಂತ ಹೆಚ್ಚಾಗಿ ಇವು ಅಪ್ಪನನ್ನು ಹೋಲುತ್ತವೆ ಎಂದು ಹೇಳುವವನು ಅವನು. ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ಓಲೈಕೆ. ಯೆಹೂದ್ಯ ಚಿಂತಕ ಫಿಲೋ ಇದೇ ಪದವನ್ನು ದೇವರ ವಿಷಯದಲ್ಲಿ ಗೌರವದಿಂದ ಬಳಸಿದ. ಪತ್ರಿಕೆ ಹಿಡಿದದ್ದೂ ಆ ದಾರಿಯನ್ನೇ. ಆದರೂ ಹಳೆಯ ಅರ್ಥದ ಅಪಾಯ ಪದಕ್ಕೆ ಅಂಟಿಕೊಂಡೇ ಇದೆ. ದಣಿಯ ಮುಂದೆ ಕೈಕಟ್ಟಿ ನಿಂತವನಂತೆ ದೇವರನ್ನು ಮೆಚ್ಚಿಸಲು ಹೊರಟ ಭಕ್ತಿ ಎರಡೇ ದಿನದಲ್ಲಿ ಓಲೈಕೆಗೆ ಇಳಿಯುತ್ತದೆ.

ಓಲೈಕೆಯಿಂದ ಬಿಡಿಸಿಕೊಳ್ಳುವ ದಾರಿ ಹಳೆಯ ಒಡಂಬಡಿಕೆಯಲ್ಲಿದೆ. ಆದಿಕಾಂಡದ ಹೀಬ್ರೂ ಮೂಲ ಹನೋಕನನ್ನೂ ನೋಹನನ್ನೂ ದೇವರೊಡನೆ ನಡೆದವರು ಎನ್ನುತ್ತದೆ. ಅದನ್ನು ಗ್ರೀಕಿಗೆ ತಂದವರು ಅದೇ ಜಾಗದಲ್ಲಿ ದೇವರಿಗೆ ಮೆಚ್ಚಿಕೆಯಾದರು ಎಂದು ಬರೆದರು. ಇಬ್ರಿಯರಿಗೆ ಬರೆದ ಪತ್ರಿಕೆ ಹನೋಕನ ಬಗ್ಗೆ ಹೇಳುವಾಗ ಎತ್ತಿಕೊಂಡದ್ದು ಈ ಗ್ರೀಕ್ ಪಾಠವನ್ನೇ. ಎಂದರೆ ಆ ಭಾಷಾಂತರಕಾರರಿಗೆ ಜೊತೆಯಲ್ಲಿ ನಡೆಯುವುದೂ ಮೆಚ್ಚಿಕೆಯಾಗುವುದೂ ಒಂದೇ. ಕನ್ನಡ ಓದುಗರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ: ನಡೆ ಎಂದರೆ ಹೆಜ್ಜೆಯೂ ಹೌದು, ನಡತೆಯೂ ಹೌದು. ಕೊಲೊಸ್ಸೆಯ ವಚನದ ಕ್ರಿಯಾಪದವೂ ‘ನಡೆ’ಯೇ.

ಆ ನಡೆಯಲ್ಲಿ ಏನೇನಿರುತ್ತದೆ ಎಂಬುದನ್ನು ವಚನವೇ ಮುಂದುವರಿದು ಹೇಳುತ್ತದೆ: ಸಕಲ ಸತ್ಕಾರ್ಯಗಳಲ್ಲಿ ಫಲ, ದೇವರ ಅರಿವಿನಲ್ಲಿ ಬೆಳವಣಿಗೆ, ಬಲ, ಸಂತೋಷದ ಕೃತಜ್ಞತೆ. ಫಲವೆಂದರೆ ದೀಕ್ಷಾಸ್ನಾನಗಳ ಲೆಕ್ಕ ಎಂದುಕೊಂಡವರು ‘ಸಕಲ’ ಎಂಬ ಪದವನ್ನು ಬಿಟ್ಟು ಓದುತ್ತಾರೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದದ್ದು ಸುವಾರ್ತೆಗಾಗಿ. 1894ರಲ್ಲಿ ಮಂಗಳೂರಿನಿಂದ ಹೊರಬಂದದ್ದು ಅವರ ಸುಮಾರು 70,000 ಪದಗಳ ಕನ್ನಡ ನಿಘಂಟು. ಅದನ್ನು ಸತ್ಕಾರ್ಯದ ಫಲವೆಂದು ಒಪ್ಪದವರ ತಕ್ಕಡಿಯೇ ಸರಿಯಿಲ್ಲ. ಇನ್ನು ಬಲ. ಹಣ, ಆರೋಗ್ಯ, ಕಾರು ಇವನ್ನು ದೇವರ ಮೆಚ್ಚಿಕೆಯ ಗುರುತೆಂದು ಸಾರುವ ಕೂಟಗಳು ಈ ಪದದ ಮೇಲೆ ನಿಂತಿವೆ. ಬಲ ಯಾತಕ್ಕೆಂದು ಅದೇ ವಾಕ್ಯ ಹೇಳಿದೆ: ತಾಳ್ಮೆಗೆ, ಸಹನೆಗೆ. ಕಷ್ಟದಲ್ಲಿರುವ ವಿಶ್ವಾಸಿಗೆ ನಿನ್ನನ್ನು ದೇವರು ಮೆಚ್ಚಿಲ್ಲ ಎನ್ನುವ ಬೋಧನೆ ಸುಳ್ಳು, ಕ್ರೂರ ಕೂಡ.

ಪತ್ರಿಕೆಯನ್ನು ಸಮರ್ಥಿಸುವವರು 3ನೆಯ ಅಧ್ಯಾಯದ 22ನೆಯ ವಚನವನ್ನು ಹಾರಿಸಿಬಿಡುವಂತಿಲ್ಲ. ದಾಸರು ಯಜಮಾನರಿಗೆ ವಿಧೇಯರಾಗಿರಲಿ, ಕಣ್ಣೆದುರಿನ ಸೇವೆ ಮಾಡುವವರಾಗದಿರಲಿ ಎಂದು ಅದು ಹೇಳುತ್ತದೆ. ಅಮೆರಿಕದ ಗುಲಾಮರ ಒಡೆಯರು ಇಂಥ ಮಾತುಗಳನ್ನು ಚಾವಟಿಯಂತೆ ಬಳಸಿದರು. ಅಲ್ಲಿನ ಕಪ್ಪು ಜನಾಂಗದ ಧರ್ಮಚಿಂತಕ ಹೊವರ್ಡ್ ಥರ್ಮನ್ 1949ರ ತಮ್ಮ ಪುಸ್ತಕದಲ್ಲಿ, ಗುಲಾಮಳಾಗಿದ್ದ ಅಜ್ಜಿ ಪೌಲನ ಪತ್ರಗಳನ್ನು ತನಗೆ ಓದಿ ಹೇಳಲು ಬಿಡುತ್ತಿರಲಿಲ್ಲವೆಂದು ನೆನೆದಿದ್ದಾರೆ. ಪ್ರೀತಿಯ ಕುರಿತ ಒಂದು ಅಧ್ಯಾಯಕ್ಕೆ ಮಾತ್ರ ಆಗಾಗ ವಿನಾಯಿತಿ. ಆ ಅಜ್ಜಿಯ ನಿರಾಕರಣೆ ನ್ಯಾಯವಾದದ್ದು. ಯಜಮಾನರು ನ್ಯಾಯವಾಗಿ, ಸಮನಾಗಿ ನಡೆಸಿಕೊಳ್ಳಬೇಕೆಂದು 4ನೆಯ ಅಧ್ಯಾಯ ಶುರುವಾಗುವುದನ್ನೂ, ದಾಸನಾಗಿದ್ದ ಒನೇಸಿಮನನ್ನು ಪತ್ರಿಕೆ ಪ್ರಿಯ ಸಹೋದರನೆಂದು ಕರೆಯುವುದನ್ನೂ ಆ ಒಡೆಯರ ಬೋಧಕರು ಓದಿ ಹೇಳಲಿಲ್ಲ.

‘ಎಲ್ಲ ವಿಧದಲ್ಲೂ’ ಎಂಬುದು ಸಾಧ್ಯವೇ ಎಂಬುದು ಹಳೆಯ ವಾದ. ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ 1766ರ ಪುಸ್ತಕದಲ್ಲಿ ಸಾಧ್ಯ ಎಂದರು. ಅವರಿಗೆ ಪರಿಪೂರ್ಣತೆ ಎಂದರೆ ದೇವರ ಮೇಲೂ ನೆರೆಯವರ ಮೇಲೂ ಪ್ರೀತಿ ಹೃದಯವನ್ನು ತುಂಬುವುದು. ತಿಳಿಯದಿರುವುದು, ತಪ್ಪಿ ನಡೆಯುವುದು ಆಗಲೂ ಉಳಿದಿರುತ್ತವೆ. ತಾನು ಪರಿಪೂರ್ಣನೆಂದ, ಅವರ ಸಂಘದವನೇ ಆಗಿದ್ದ ಜಾರ್ಜ್ ಬೆಲ್ 1763ರ ಫೆಬ್ರವರಿ 28ಕ್ಕೆ ಲೋಕ ಮುಗಿಯುತ್ತದೆಂದು ಸಾರಿದಾಗ ವೆಸ್ಲಿ ಅದನ್ನು ಬಹಿರಂಗವಾಗಿ ಅಲ್ಲಗಳೆದರು. ಕ್ಯಾಲ್ವಿನ್ ಇನ್ನೊಂದು ತುದಿಯಲ್ಲಿದ್ದವರು. ಮನುಷ್ಯನ ಯಾವ ಕೆಲಸವೂ ಪೂರ್ಣವಲ್ಲ ಎಂಬುದು ಅವರ ಪಕ್ಷ. ಆದರೆ ವಿಷಯದ ಮರ್ಮ ಹಿಡಿದವರು ಅವರೇ. ಆಳು ಅರ್ಧ ಮಾಡಿದ ಕೆಲಸವನ್ನು ಯಜಮಾನನ ಮುಂದಿಡಲು ಹೆದರುತ್ತಾನೆ. ಮಗು ಅರ್ಧಂಬರ್ಧ ಮಾಡಿದ್ದನ್ನು ಅಪ್ಪನ ಮುಂದೆ ಧೈರ್ಯವಾಗಿ ಹಿಡಿಯುತ್ತದೆ, ಅಪ್ಪ ಸಂತೋಷದಿಂದ ತೆಗೆದುಕೊಳ್ಳುತ್ತಾನೆ. ಅವರು ಕೊಟ್ಟ ಈ ಹೋಲಿಕೆ ಓಲೈಕೆಯ ಬೇರನ್ನೇ ಕಡಿಯುತ್ತದೆ.

ಪತ್ರಿಕೆಯೇ ಹೇಳುವಂತೆ ಅದನ್ನು ಬರೆದಾಗ ಪೌಲ ಸೆರೆಯಲ್ಲಿದ್ದ; ನನ್ನ ಬೇಡಿಗಳನ್ನು ನೆನಪಿಡಿ ಎಂಬ ಕೋರಿಕೆ ಕಡೆಯ ವಚನದಲ್ಲಿದೆ. ಎಪಫ್ರ ಆ ಹೊತ್ತಿಗೆ ಅವನ ಬಳಿಯಿದ್ದು ತನ್ನ ಊರಿನವರಿಗಾಗಿ ಹೋರಾಡಿ ಪ್ರಾರ್ಥಿಸುತ್ತಿದ್ದ.