ಜೀಪು ಬದುವಿನಾಚೆ ನಿಲ್ಲಲಿ

ಈ ಮುಂಗಾರಿನಲ್ಲಿ ನನಗೆ ಬೆಳೆ ಬಗ್ಗೆ ಬಂದ ಫೋನ್‌ಗಿಂತ ಜೀಪಿನ ಬಗ್ಗೆ ಬಂದ ಫೋನೇ ಜಾಸ್ತಿ. "ಅಣ್ಣಾ, ಟಾಪ್ ಬಿಚ್ಚೋ ಗಾಡಿ ತಗೋಬೇಕಂತ ಮಾಡೀನಿ, ಹೊಲಕ್ಕ ಉಪಯೋಗ ಆಕ್ಕೈತೇನು?" ಅಂತ ಕೇಳ್ತಾರೆ. ಗಬ್ಬೂರಿನ ಹೊಲದ ದಾರಿಯಲ್ಲಿ ನಾನು ಅಂಥದೇ ಗಾಡಿ ಓಡಿಸೋದನ್ನ ನೋಡಿದ ಹುಡುಗರು ಇವರು. ನಾಲ್ಕು ವರ್ಷ ಅದರ ಜೊತೆ ಬಾಳಿದ ಮೇಲೆ ನನ್ನ ಉತ್ತರ ಇಷ್ಟು: ಉಪಯೋಗ ಆಗುತ್ತದೆ, ಆದರೆ ಹೊಲದ ಬದುವಿನ ತನಕ ಮಾತ್ರ. ಬದು ದಾಟಿತೋ, ಅದೇ ಗಾಡಿ ನಿಮ್ಮ ಮಣ್ಣನ್ನು ಕೆಡಿಸುತ್ತದೆ.

ಈ ಗಾಡಿ ನಮಗೇನು ಹೊಸದಲ್ಲ. ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸಲು ಶುರು ಮಾಡಿದರು. ನಮ್ಮ ಅಜ್ಜಂದಿರು ಕಂಡ ಜೀಪಿಗೆ ಇದ್ದದ್ದು ಕ್ಯಾನ್ವಾಸ್ ಹೊದಿಕೆ, ಬಾಗಿಲು ಇದ್ದರೆ ಅದೂ ಕ್ಯಾನ್ವಾಸೇ. ಆಮೇಲೆ ಮಾರುತಿ ಜಿಪ್ಸಿ ಬಂತು, 2010ರಲ್ಲಿ ಥಾರ್ ಬಂತು, 2020ರ ಅಕ್ಟೋಬರ್ 2ಕ್ಕೆ ಹೊಸ ಥಾರ್ ಬಂತು. ಆಗಿನಿಂದ ರೀಲ್ಸ್‌ನಲ್ಲಿ ಹುಚ್ಚು ಹೆಚ್ಚಾಯಿತು. ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಮೇಲಿನ ಹೊದಿಕೆ ಮಡಚಬಹುದು, ಬಾಗಿಲುಗಳನ್ನು ಕೀಲಿನಿಂದ ಬಿಚ್ಚಿ ಇಡಬಹುದು. ಕಂಪನಿ ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ.

ಮೊದಲು ಒಳ್ಳೇದನ್ನೇ ಹೇಳ್ತೀನಿ. ಬಾಗಿಲಿಲ್ಲದ ಗಾಡಿಯಲ್ಲಿ ಹತ್ತು ಸಲ ಹತ್ತಿ ಇಳಿಯೋದು ಸಲೀಸು. ಡ್ರಿಪ್ ಪೈಪ್ ಸುರುಳಿ, ಸಸಿ ಟ್ರೇ, ಬೇವಿನ ಹಿಂಡಿ ಚೀಲ ಪಕ್ಕದಿಂದಲೇ ಎತ್ತಿ ಇಡಬಹುದು. ಕುಂತಲ್ಲೇ ಪಕ್ಕದ ಸಾಲು ಕಾಣುತ್ತದೆ. ಎಲೆ ಮುದುಡಿದ ಮೆಣಸಿನ ಗಿಡ ಎಷ್ಟೋ ಸಲ ನನಗೆ ಕಂಡದ್ದು ಹೀಗೇ. ಜೀವಾಮೃತ ಸಾಗಿಸೋವಾಗ ವಾಸನೆ ಒಳಗೆ ಉಳಿಯೋದಿಲ್ಲ, ಅದೂ ಒಂದು ಲಾಭ. ಒಂದು ಮಾತು ನೆನಪಿರಲಿ: 200 ಲೀಟರ್ ಡ್ರಮ್ ಅಂದರೆ 200 ಕಿಲೋ. ಅರ್ಧ ತುಂಬಿದ ಡ್ರಮ್ಮಿನ ನೀರು ತಿರುವಿನಲ್ಲಿ ಒಂದು ಕಡೆ ಬಡಿದು ಗಾಡಿಯನ್ನೇ ಎಳೆಯುತ್ತದೆ. ಸಣ್ಣ ಕ್ಯಾನ್‌ಗಳಲ್ಲಿ ತುಂಬಿ, ಕಟ್ಟಿ ಒಯ್ಯಿರಿ.

ಇನ್ನು ಸೊಪ್ಪಿನ ವಿಷಯ. ಶುರುವಿನಲ್ಲಿ ನಾನು ಟಾಪ್ ತೆಗೆದು ಮೆಂತೆ, ಕೊತ್ತಂಬರಿ, ಪಾಲಕ್ ಹೇರಿಕೊಂಡು ಹುಬ್ಬಳ್ಳಿಗೆ ಹೋಗ್ತಿದ್ದೆ. ಮನೆ ಮನೆಗೆ ಮುಟ್ಟುವಷ್ಟರಲ್ಲಿ ಸೊಪ್ಪು ಜೋತು ಬೀಳ್ತಿತ್ತು. ತೋಟಗಾರಿಕೆ ಓದಿದವನಿಗೆ ಇದು ಮೊದಲೇ ಹೊಳೀಬೇಕಿತ್ತು. ಎಲೆಯ ಸುತ್ತ ಇರುವ ತೇವದ ಗಾಳಿಯನ್ನು ಓಟದ ಗಾಳಿ ಬಡಿದುಕೊಂಡು ಹೋಗುತ್ತದೆ, ಎಲೆ ನೀರು ಬಿಟ್ಟುಕೊಡುತ್ತಲೇ ಇರುತ್ತದೆ, ಕೊಯ್ದ ಸೊಪ್ಪಿಗೆ ಬೇರಿನಿಂದ ನೀರು ಬರೋದಿಲ್ಲ. ಈಗ ಬೆಳಕು ಹರಿಯೋ ಮುಂಚೆ ಕೊಯ್ಲು, ಕ್ರೇಟ್ ಮೇಲೆ ಒದ್ದೆ ಗೋಣಿಚೀಲ, ಅದರ ಮೇಲೆ ಟಾಪ್ ಗಟ್ಟಿ ಮುಚ್ಚಿಯೇ ಹೊರಡೋದು.

ಬಾಗಿಲಿನ ವಿಷಯದಲ್ಲಿ ನನ್ನ ನಿಲುವು ಇನ್ನೂ ಕಟ್ಟುನಿಟ್ಟು. ಗಬ್ಬೂರಿನಿಂದ ನರೇಂದ್ರದ ತನಕದ ಬೈಪಾಸ್ ನಿಮಗೆ ಗೊತ್ತು, ಬೆಂಗಳೂರು-ಪುಣೆ ಲಾರಿಗಳೆಲ್ಲ ಅಲ್ಲೇ. ಬಾಗಿಲು ಬಿಚ್ಚಿದರೆ ಅದಕ್ಕೆ ಕೂತ ಸೈಡ್ ಮಿರರ್ ಕೂಡ ಹೋಯಿತು. ಆಗ ನಿಮ್ಮನ್ನು ಗಾಡಿಯೊಳಗೆ ಹಿಡಿದಿಡೋದು ಸೀಟ್ ಬೆಲ್ಟ್ ಒಂದೇ. ಹಳೇ ಜೀಪುಗಳ ಹಿಂದಿನ ಅಡ್ಡ ಬೆಂಚಿಗೆ ಅದೂ ಇರೋದಿಲ್ಲ. ಹೊಲದ ಕೆಲಸಕ್ಕೆ ಬಂದ ಹೆಣ್ಣುಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೀಗೆ ಹೈವೇ ಹತ್ತೋದು ಧೈರ್ಯ ಅಲ್ಲ, ಬೇಜವಾಬ್ದಾರಿ.

ಕೆಲವರು ಗಟ್ಟಿ ಛಾವಣಿ ಗಾಡಿ ತಂದು ವರ್ಕ್‌ಶಾಪಿನಲ್ಲಿ ಕೊಯ್ಸಿ ಓಪನ್ ಮಾಡ್ತಾರೆ. ಹಾಗೆ ಮಾಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿ ಆರ್‌ಸಿಯಲ್ಲಿ ಇದ್ದಂಗೇ ಇರಬೇಕು. 2019ರ ತಿದ್ದುಪಡಿಯ ನಂತರ ಒಂದೊಂದು ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಆಗಬಹುದು. ಕಂಪನಿಯೇ ಮಡಚೋ ಹೊದಿಕೆ ಕೊಟ್ಟ ಗಾಡಿ ಬೇರೆ, ನಾವು ಕೊಯ್ಸಿದ್ದು ಬೇರೆ.

ಇಷ್ಟೆಲ್ಲ ಹೇಳಿದೆ, ಆದರೆ ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಹೊಲದೊಳಗೆ. ಎರಡು ವರ್ಷದ ಹಿಂದೆ ಜುಲೈ ತಿಂಗಳು, ಮೂರು ದಿನ ಬಿಟ್ಟೂಬಿಡದೆ ಜಿಟಿಜಿಟಿ ಮಳೆ. ಶನಿವಾರದ ಆರ್ಡರ್ ಹುಬ್ಬಳ್ಳಿಗೆ ಮುಟ್ಟಿಸಬೇಕಿತ್ತು. ಆಳುಗಳು ರಾಡಿಯಲ್ಲಿ ಕ್ರೇಟ್ ಹೊರೋದಿಲ್ಲ ಅಂದರು. ನಾನು ಫೋರ್ ವ್ಹೀಲ್ ಡ್ರೈವ್ ಹಾಕಿ, ಲೋ ಗೇರಿನಲ್ಲಿ ಸೀದಾ ಹೊಲದೊಳಗೆ ಇಳಿಸಿದೆ. ಗಾಡಿ ಎಲ್ಲೂ ಸಿಕ್ಕಿಬೀಳಲಿಲ್ಲ. ಮೂರು ಸಲ ಹೋಗಿ ಬಂದೆ. ವಿಡಿಯೋನೂ ಮಾಡಿಕೊಂಡೆ. ಅಪ್ಪ ಬದುವಿನ ಮೇಲೆ ನಿಂತು ಒಂದೇ ಮಾತು ಹೇಳಿದರು: "ಗಾಡಿಗೆ ತಾಕತ್ತೈತಿ, ಖರೆ. ಆದ್ರ ನೀ ಅದನ್ನ ಯಾರ ಮ್ಯಾಲೆ ತೋರ್ಸಾಕತ್ತಿ?"

ಆ ಸೊಪ್ಪಿನ ದುಡ್ಡು ಬಂತು. ಹಿಂಗಾರಿಗೆ ಅದೇ ತಾಕಿನಲ್ಲಿ ಕಡಲೆ ಬಿತ್ತಿದೆ. ನವೆಂಬರ್ ಹೊತ್ತಿಗೆ ಹೊಲದ ನಡುವೆ ಎರಡು ಹಳದಿ ಪಟ್ಟಿ ಎದ್ದು ಕಂಡವು, ನನ್ನ ಗಾಲಿ ಹಾದ ಜಾಗವೇ. ಅಲ್ಲಿನ ಗಿಡ ಕಿತ್ತು ನೋಡಿದೆ, ತಾಯಿಬೇರು ಒಂದು ಗೇಣು ಇಳಿಯೋದರೊಳಗೆ ಅಡ್ಡ ತಿರುಗಿತ್ತು. ಕಡಲೆ ಬದುಕೋದೇ ಆಳದ ಹಸಿಯ ಮೇಲೆ. ಬೇರು ಅಲ್ಲಿಗೆ ಮುಟ್ಟದಿದ್ದರೆ ಇಬ್ಬನಿ ಎಷ್ಟು ಬಿದ್ದರೂ ಏನು ಬಂತು?

ಕಾರಣ ಸರಳ. ನಮ್ಮ ಎರಿ ಮಣ್ಣಿನಲ್ಲಿ ಜೇಡಿ ಜಾಸ್ತಿ. ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹಸಿ ಇದ್ದಾಗ ಭಾರ ಬಿದ್ದರೆ ಮಣ್ಣಿನ ಕಣಗಳ ನಡುವಿನ ಗಾಳಿ, ನೀರಿನ ದಾರಿ ಮುಚ್ಚಿಹೋಗುತ್ತದೆ. ಇಂಥ ಜೀಪು ಒಂದೂವರೆ ಟನ್‌ಗೂ ಮೇಲೆ ತೂಗುತ್ತದೆ, ಕ್ರೇಟ್ ಬೇರೆ. ಹಾನಿಯ ಹೆಚ್ಚಿನ ಪಾಲು ಮೊದಲ ಸಲ ಹಾಯುವಾಗಲೇ ಆಗಿಬಿಡುತ್ತದೆ. ಸಾದಾ ಗಾಡಿ ಇದ್ದವನು ರಾಡಿ ನೋಡಿ ಹೊರಗೇ ನಿಲ್ತಾನೆ. ಫೋರ್ ವ್ಹೀಲ್ ಇದ್ದವನಿಗೆ ನಿಲ್ಲಿಸೋರೇ ಇಲ್ಲ. ಇದೇ ಈ ಗಾಡಿಯ ಅಪಾಯ.

ಹೊಲಕ್ಕೆ ಗಾಡಿಯಾಗಲಿ, ಟ್ರ್ಯಾಕ್ಟರ್ ಆಗಲಿ ಇಳಿಸೋ ಮುಂಚೆ ಹೀಗೆ ಪರೀಕ್ಷೆ ಮಾಡಿ. ಒಂದು ಗೇಣು ಆಳದ ಮಣ್ಣು ತೆಗೆದು ಅಂಗೈಯಲ್ಲಿ ಶಾವಿಗೆ ಹೊಸೆದಂಗೆ ಹೊಸೆಯಿರಿ. ತೆಳ್ಳಗೆ ದಾರದಂತೆ ಬಂದರೆ ಮಣ್ಣು ಇನ್ನೂ ಹಸಿ, ವಾಪಸ್ ಹೋಗಿ. ಹೊಸೆಯುವಾಗಲೇ ಪುಡಿಯಾದರೆ ಇಳಿಸಬಹುದು. ಆಳದ ಮಣ್ಣನ್ನೇ ನೋಡಬೇಕು, ಮೇಲಿನ ಪದರ ಒಂದೇ ಬಿಸಿಲಿಗೆ ಒಣಗಿ ಮೋಸ ಮಾಡುತ್ತದೆ. ಟೈರಿನ ಗಾಳಿ ಇಳಿಸಿದರೆ ಸಾಕು ಅನ್ನೋರಿದ್ದಾರೆ. ಅದರಿಂದ ಮೇಲ್ಮಣ್ಣಿಗೆ ಒತ್ತಡ ಕಡಿಮೆಯಾದೀತು, ಕೆಳಗಿನ ಪದರಕ್ಕೆ ಬೀಳೋ ಒಟ್ಟು ಭಾರ ಅಷ್ಟೇ ಇರುತ್ತದೆ.

ಆ ಪಟ್ಟಿಗಳನ್ನು ನಾನು ರಿಪೇರಿ ಮಾಡಿದ್ದು ಹೀಗೆ. ಬೇಸಿಗೆಯಲ್ಲಿ ನೀರು ಬಿಡದೆ ಚೆನ್ನಾಗಿ ಬಿರಿಯಲು ಬಿಟ್ಟೆ, ಎರಿ ಮಣ್ಣಿಗೆ ಆ ಬಿರುಕೇ ಅರ್ಧ ಔಷಧ. ಮುಂಗಾರಿಗೆ ಸೆಣಬು, ಡಯಾಂಚ ಬಿತ್ತಿ, ಹೂ ಬರೋ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿದೆ. ಒಂದು ವರ್ಷ ಕಳೆದರೂ ಪೂರ್ತಿ ಸರಿಹೋಗಿಲ್ಲ. ಮೂರು ಸಲ ಓಡಾಡಿದ್ದಕ್ಕೆ ಇಷ್ಟು ಬೆಲೆ.

ಈಗ ನಮ್ಮಲ್ಲಿ ಜೀಪು ಬದುವಿನ ಆಚೆ, ಗಟ್ಟಿ ದಾರಿಯ ಮೇಲೆ ನಿಲ್ಲುತ್ತದೆ. ಅಲ್ಲಿಂದ ಒಳಗೆ ಒಂದು ಗಾಲಿಯ ಕೈಗಾಡಿ, ಅದಕ್ಕೆ ಒಂದೇ ಕಾಯಂ ದಾರಿ, ಆ ದಾರಿ ಬಿಟ್ಟು ಬೇರೆಲ್ಲೂ ಗಾಲಿ ಇಲ್ಲ. ದಾರಿಯೇ ಸರಿ ಇಲ್ಲ ಅನ್ನೋರು ಜೀಪಿನ ಶೋರೂಮಿಗೆ ಹೋಗೋ ಮುಂಚೆ ಒಮ್ಮೆ ಗ್ರಾಮ ಪಂಚಾಯ್ತಿಗೆ ಹೋಗಿ ಕೇಳಿ. ಉದ್ಯೋಗ ಖಾತ್ರಿಯಲ್ಲಿ 'ನಮ್ಮ ಹೊಲ ನಮ್ಮ ದಾರಿ' ಹೆಸರಿನಿಂದ ರಸ್ತೆ ಮಾಡಿಸಿಕೊಂಡ ಊರುಗಳಿವೆ. ಒಂದು ಒಳ್ಳೇ ದಾರಿ ಹತ್ತು ಮಂದಿ ರೈತರ ಚಕ್ಕಡಿಗೂ ಆಗುತ್ತದೆ.

ಗಾಡಿ ಬೇಕೇಬೇಕು ಅಂದರೆ ತಗೋರಿ, ನಾನೂ ತಗೊಂಡವನೇ. ಬೆಳೆಸಾಲ ಅದಕ್ಕೆ ಹಾಕಬೇಡಿ. ಹೈವೇ ಹತ್ತೋ ಮುಂಚೆ ಬಾಗಿಲು ಜೋಡಿಸಿ, ಬೆಲ್ಟ್ ಹಾಕಿ. ಮಳೆಯಾದ ದಿನ ಮಾತ್ರ ಕೀಲಿ ಅಪ್ಪನ ಕೈಗೆ ಕೊಟ್ಟುಬಿಡಿ. ನಮ್ಮ ಮನೆಯಲ್ಲಿ ಈಗ ಇದೇ ಪದ್ಧತಿ.