ಸಿಪ್ಪೆಗೂ ಬೆಲೆ ಕಟ್ಟೋಣ

ಪುಣೆಯ ಕಿಣ್ವ ತಯಾರಿಕಾ ಕಂಪನಿಯೊಂದರಲ್ಲಿ ದುಡಿಯುವ ನನಗೆ ಮೋಸಂಬಿ ಸಿಪ್ಪೆ ಕಸವಾಗಿ ಕಾಣುವುದಿಲ್ಲ. ಅದರಲ್ಲಿರುವ ಪೆಕ್ಟಿನ್, ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟಿಗೆ ಒಳ್ಳೆಯ ಆಹಾರ. ಸಿಪ್ಪೆಗೆ ಗೋಧಿ ಬೂಸಾ ಬೆರೆಸಿ, ಹದವಾಗಿ ತೇವ ಮಾಡಿ ಈ ಬೂಷ್ಟನ್ನು ಬೆಳೆಸಿದರೆ ಪೆಕ್ಟಿನೇಸ್ ಸಿಗುತ್ತದೆ. ಜ್ಯೂಸ್ ಕಾರ್ಖಾನೆಗಳು ಹಣ್ಣಿನ ರಸ ತಿಳಿಗೊಳಿಸಲು ಬಳಸುವುದೂ ಇದೇ ಕಿಣ್ವವನ್ನು!

ಇದೇನು ಹೊಸ ವಿದ್ಯೆಯಲ್ಲ. ಬೂಸಾದ ಮೇಲೆ ಕಿಣ್ವ ಬೆಳೆಸುವ ವಿಧಾನದಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ದಶಕಗಳ ಹಿಂದೆಯೇ ಹೆಸರು ಮಾಡಿದೆ. 1978ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಯೋಕಾನ್ ಕೂಡ ಪಪ್ಪಾಯಿಯ ಕಿಣ್ವದಿಂದಲೇ ವ್ಯಾಪಾರ ಶುರುಮಾಡಿತು.

ಹಾಗಾದರೆ ತೊಡಕೆಲ್ಲಿ? ಸಿಪ್ಪೆ ಪ್ಲಾಸ್ಟಿಕ್ ಲೋಟಗಳ ಜತೆ ಸೇರಿ ಒಂದೆರಡು ದಿನ ಕೊಳೆತರೆ ಬೇಡದ ಸೂಕ್ಷ್ಮಜೀವಿಗಳು ಮನೆ ಮಾಡುತ್ತವೆ. ಅಂಥ ಮಾಲನ್ನು ಯಾವ ಕಾರ್ಖಾನೆಯೂ ಒಳಗೆ ಬಿಡುವುದಿಲ್ಲ. ಹಸಿ ಸಿಪ್ಪೆಯ ತೂಕದಲ್ಲಿ ಬಹುಪಾಲು ನೀರೇ ಆದ್ದರಿಂದ ದೂರ ಸಾಗಿಸಿದರೆ ಲಾರಿ ಬಾಡಿಗೆಯೂ ಗಿಟ್ಟದು. ಕೊಡಗು, ಚಿಕ್ಕಮಗಳೂರಿನ ಕಾಫಿ ಪಲ್ಪ್‌ನದೂ ಇದೇ ಪಾಡು. ಹಳ್ಳಕ್ಕೆ ಸೇರಿದರೆ ನೀರೂ ಕೆಡುತ್ತದೆ.

ಆದ್ದರಿಂದ ಸರ್ಕಾರ ಸಂಶೋಧನೆಯ ಜತೆಗೆ ಎಪಿಎಂಸಿಗಳಲ್ಲಿ, ಪಲ್ಪಿಂಗ್ ನಡೆಯುವ ಊರುಗಳಲ್ಲಿ ಡ್ರೈಯರ್‌ಗಳಿಗೂ ಹಣ ಕೊಡಲಿ. ಒಣಗಿಸಲು ಖರ್ಚಿದೆ, ನಿಜ. ಆದರೆ ಬೇರ್ಪಡಿಸಿ ಒಣಗಿಸಿದ ಸಿಪ್ಪೆಗೆ ಕಿಲೋಗೆ ಇಷ್ಟೆಂದು ದರ ನಿಗದಿಯಾದರೆ ಯಾರೂ ಅದನ್ನು ಬೀದಿಗೆ ಎಸೆಯುವುದಿಲ್ಲ. ಹೊರನಾಡಿನಲ್ಲಿ ಈ ಕಸುಬು ಕಲಿತ ನಾವು ನಮ್ಮ ನಮ್ಮ ತಾಲ್ಲೂಕಿಗೆ ಇಷ್ಟಾದರೂ ಹೇಳಿಕೊಡಬಹುದಲ್ಲವೇ?