ಮುರಿದ ಬಂದೂಕು ಮುರಿದಂಗೇ ಇರಲಿ

1/7
ಈ ಸಲ ಕಿತ್ತೂರು ಉತ್ಸವಕ್ಕ "ಒರಿಜಿನಲ್ ಹಳೇ ರೈಫಲ್" ಜೋಡಿಸೂಣು ಅಂತ ನಮ್ಮ ಗ್ರೂಪಿನ್ಯಾಗ ಮಾತು ನಡದೈತಿ. ಗುಜರಿಯಾಗಿನ ನಳಿಗಿ, ಯಾರದೋ ಅಟ್ಟದ ಮ್ಯಾಲಿನ ಬೋಲ್ಟು, ಬಡಿಗ್ಯಾರ ಕಡೆ ಮಾಡಿಸಿದ ಹಿಡಿ. ಅಮೆರಿಕದವರ ವಿಡಿಯೋ ನೋಡಿ ಎಲ್ಲಾರಿಗೂ ಹುರುಪು ಬಂದೈತಿ. ನಾನು ಇದಕ್ಕ ಪೂರ್ತಿ ವಿರೋಧ. ಯಾಕಂತ ಏಳು ಫೋಟೋದಾಗ ಹೇಳ್ತೇನಿ. ಕಡೀತನಕ ಓದ್ರಿ, ಆಮ್ಯಾಲ ಬೈರಿ.

2/7
ಮೊದಲು ಇತಿಹಾಸ. 1824ರ ಅಕ್ಟೋಬರ್ 23ಕ್ಕ ಅಮಟೂರ ಬಾಳಪ್ಪನ ಗುಂಡಿಗೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ. ಅದು ನಳಿಗಿ ಬಾಯಾಗ ಮದ್ದು, ಗುಂಡು ಹಾಕಿ ಗಜದಿಂದ ಜಡಿಯೋ ಕಾಲ. ನೀವು ಜೋಡಿಸ್ಬೇಕು ಅಂತಿರೋ ತ್ರೀ ನಾಟ್ ತ್ರೀ ಲೀ-ಎನ್‌ಫೀಲ್ಡ್ ಬ್ರಿಟಿಷ್ ಸೈನ್ಯಕ್ಕ ಬಂದದ್ದು 1895ರಾಗ. ರಾಯಣ್ಣನ್ನ ನಂದಗಡದಾಗ ಗಲ್ಲಿಗೇರಿಸಿದ್ದು 1831ರಾಗ. ನಡುವ 64 ವರ್ಷ! ರಾಯಣ್ಣನ ವೇಷ ಹಾಕ್ಕೊಂಡು ಕೈಯಾಗ ಹಿಡಿಯೋದು ಅವನ ವೈರಿಗಳ ಸೈನ್ಯದ ಬಂದೂಕು. ಇದಕ್ಕ ಒರಿಜಿನಲ್ ಅಂತೀರಾ?

3/7
ನಮ್ಮ ಸೀಮಿಯಾಗ ಹತಾರ ಅಂದ್ರ ಬರೇ ಶೋಕಿ ಅಲ್ಲ. 1857ರಾಗ ಹತಾರ ಒಪ್ಪಿಸ್ರಿ ಅಂತ ಕಂಪನಿ ಸರ್ಕಾರದ ಆಜ್ಞೆ ಬಂತು. ಮುಧೋಳ ಕಡೆಯ ಹಲಗಲಿ ಬೇಡರು ಕೊಡಂಗಿಲ್ಲ ಅಂದ್ರು. ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು, ಹಿಡದವರನ್ನ ಗಲ್ಲಿಗೇರಿಸಿತು. ಮರುವರ್ಷ ನಮ್ಮ ರಾಮದುರ್ಗ ತಾಲೂಕಿನ ಸುರೇಬಾನದಾಗ ನರಗುಂದದ ಬಾಬಾಸಾಹೇಬ ಮ್ಯಾನ್ಸನ್‌ನ ತಲಿ ತಗದ. ಆಮ್ಯಾಲ 1878ರ ಕಾಯ್ದೆ ಬಂತು: ಭಾರತೀಯರಿಗೆ ಲೈಸನ್ಸ್, ಯುರೋಪಿನವರಿಗೆ ವಿನಾಯಿತಿ.

ಇಂಥ ಸೀಮಿಯಾಗ ಹಳೇ ಬಂದೂಕಿನ ಒಂದು ತುಂಡು ಸಿಕ್ಕರ, ತುಂಡು ಯಾಕಾತು ಅನ್ನೋದೇ ಮೊದಲ ಪ್ರಶ್ನೆ. ಯಾರು ಮುರಿದರು? ಯಾರು ಮುಚ್ಚಿಟ್ಟರು? ನೀವು ಅದನ್ನ ಬ್ಯಾರೆ ನಾಕು ತುಂಡಿಗೆ ಬೆಸುಗಿ ಹಾಕಿದ್ರ ಆ ಪ್ರಶ್ನೆನೇ ಸತ್ತು ಹೋಗ್ತೈತಿ.

4/7
ಈಗ ಕಾಯ್ದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಾಗ "ಆಯುಧ" ಅಂದ್ರ ಅದರ ಬಿಡಿಭಾಗನೂ ಸೇರ್ತಾವು. ಲೈಸನ್ಸ್ ಇಲ್ಲದ ಬಂದೂಕು ತಯಾರ್ ಮಾಡಿದ್ರ, 2019ರ ತಿದ್ದುಪಡಿ ಆದಮ್ಯಾಲ ಕನಿಷ್ಠ 7 ವರ್ಷ ಜೈಲು, ಹೆಚ್ಚಂದ್ರ ಜೀವಾವಧಿ. ಮೂರು ವರ್ಷದ ಬಿಕಾಂ ಎರಡು ಸಲ ಮುಗದು ಇನ್ನೂ ಒಂದು ವರ್ಷ ಉಳೀತೈತಿ. ಅಮೆರಿಕದಾಗ ಸೈನ್ಯದ ಹಳೇ ರೈಫಲ್ಲಿನ ಬಿಡಿಭಾಗ ಅಂಗಡ್ಯಾಗ ಸಿಗ್ತಾವು, ಅಲ್ಲಿ ಕಾಯ್ದೆ ಬ್ಯಾರೆ. ರೀಲ್ಸ್ ಅಲ್ಲಿಂದ ಬರ್ತಾವು, ಕೇಸ್ ಮಾತ್ರ ನಮ್ಮೂರ ಠಾಣೆದಾಗ ಆಗ್ತೈತಿ.

5/7
"ಲೇ, ಅದು ಹಾರಂಗಿಲ್ಲ, ಶೋ ಸಲುವಾಗಿ ಅಷ್ಟ." ಇದು ನಿಮ್ಮ ದೊಡ್ಡ ವಾದ. ಹಂಗಾರ ಅದೇ ಕಾಯ್ದೆಯ 45ನೇ ಕಲಮು ಓದ್ರಿ. ಕಾಲ ಮುಗಿದ, ಪ್ರಾಚೀನ, ಇಲ್ಲಾ ಕೆಟ್ಟು ಹೋದ ಆಯುಧಕ್ಕ ವಿನಾಯಿತಿ ಐತಿ. ಆದ್ರ ಷರತ್ತು ಏನು? ರಿಪೇರಿ ಮಾಡಿದ್ರೂ ಅದು ಬಂದೂಕಾಗಿ ಕೆಲಸಕ್ಕ ಬರಬಾರದು. ಅಂದ್ರ ಅದನ್ನ ಕಾಯೋದು ಆ ತುಕ್ಕೇ. ನೀವು ತುಕ್ಕು ತಿಕ್ಕಿ, ಬೋಲ್ಟು ಕೂಡ್ರಿಸಿ, "ವರ್ಕಿಂಗ್ ಐತಿ ನೋಡ್ರಿ" ಅಂತ ಸ್ಟೋರಿ ಹಾಕಿದ್ರ ನಿಮ್ಮ ವಿರುದ್ಧ ಸಾಕ್ಷಿ ನೀವೇ ಕೊಟ್ಟಂಗ.

6/7
ಬಿಕಾಂ ಭಾಷೆದಾಗ ಹೇಳ್ತೇನಿ. ಗುಜರಿಯವನಿಗೆ ಅದು ಕಿಲೋ ಲೆಕ್ಕ. ನಿಮಗ ಲೈಕ್ ಲೆಕ್ಕ. ಎರಡೂ ಲೆಕ್ಕದಾಗ ಆಸ್ತಿ ಯಾವುದು ಅನ್ನೋದೇ ತಪ್ಪೈತಿ. ಕಬ್ಬಿಣ ಆಸ್ತಿ ಅಲ್ಲ. ಅದರ ಮ್ಯಾಲಿನ ಮುದ್ರೆ, ನಂಬರು, ಕಮ್ಮಾರನ ಗುರುತು, "ಇದು ಇಂಥಾ ವಾಡೇದ ಗ್ವಾಡಿಯಾಗ ಸಿಕ್ಕಿತು" ಅನ್ನೋ ಮಾತು, ಇವು ಆಸ್ತಿ. ಅರ ಹಾಕಿ ಉಜ್ಜಿ ಬಣ್ಣ ಬಳದ ದಿನ ಅದರ ಬೆಲೆ ಸೊನ್ನೆ. ಸವಕಳಿ ನೂರಕ್ಕ ನೂರು.

7/7
ಹಂಗಾರ ಏನ್ ಮಾಡೂಣು? ಮನ್ಯಾಗ ತುಂಡು ಸಿಕ್ಕರ ಉಜ್ಜಬ್ಯಾಡ್ರಿ, ಮಾರಬ್ಯಾಡ್ರಿ. ಇದ್ದಲ್ಲೇ ಫೋಟೋ ತಗೀರಿ, ಅಜ್ಜ-ಅಮ್ಮ ಹೇಳೋ ಮಾತು ಬರಕೊಳ್ರಿ. ಹಿರಿಯರ ಜೋಡಿ ಮೊದಲು ಠಾಣೆಗೆ, ಆಮ್ಯಾಲ ಕಿತ್ತೂರ ಕೋಟಿಯ ವಸ್ತುಸಂಗ್ರಹಾಲಯಕ್ಕ ತಿಳಸ್ರಿ.

ಮೆರವಣಿಗೆಗೆ? ಬಡಿಗ್ಯಾರ ಕಡೆ ಕಟ್ಟಿಗಿ ಕೋವಿ ಮಾಡಸ್ರಿ, 1824ರ ನಮೂನಿದು, ಉದ್ದನ್ನ ನಳಿಗಿದು. ಸಂಗ್ಯಾ ಬಾಳ್ಯಾ ಹುಟ್ಟಿದ ಬೈಲಹೊಂಗಲದವರು ನಾವು. ಕಟ್ಟಿಗಿ ಕತ್ತಿಗೆ ಬೇಗಡಿ ಹಚ್ಚಿ ಕುಣದ್ರೂ ಊರಿಗೆ ಊರೇ ಕಣ್ಣೀರು ಹಾಕೋದನ್ನ ನೋಡೇವಿ. ಕಟ್ಟಿಗಿದು ಅಂತ ಗೊತ್ತಿದ್ದೇ ಮಂದಿ ಅಳ್ತಾರ. ಒರಿಜಿನಲ್ ಅಂತ ಸುಳ್ಳು ಹೇಳೋ ಕಬ್ಬಿಣ ರಾಯಣ್ಣಗ ಬೇಕಾಗಿಲ್ಲ.

ಒಪ್ಪಲಾರದವರು ಕಾಮೆಂಟಿನ್ಯಾಗ ಬರ್ರಿ. ಬರೋ ಮುಂದ 45ನೇ ಕಲಮು ಓದ್ಕೊಂಡು ಬರ್ರಿ.

#ಕಿತ್ತೂರು #ಬೈಲಹೊಂಗಲ #ಸವದತ್ತಿ #ರಾಮದುರ್ಗ #ಮುರಿದದ್ದು_ಮುರಿದಂಗೇ_ಇರಲಿ